ದುರಗವ್ವನ ಹೆಸರಿಗೆ ಬಿದ್ದ ಕಲಬೆರಕೆ

ಮಾಸೂರಿನ ದುರಗವ್ವನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಅವಳ ಹೆಸರು ಕೆಡಿಸಿದವಳು ನಾನೇ.

ಬೆಂಡೆಯ ಬೀಜದ ಹೊಲಗಳಲ್ಲಿ ಹೂವಿಗೆ ಹೂವು ಕೂಡಿಸುವ ಕೆಲಸ ದುರಗವ್ವನದು. ಸಂಜೆ ಮೊಗ್ಗು ಬಿಡಿಸಿ ಗಂಡು ಕೇಸರ ತೆಗೆದು ಕೆಂಪು ಹಾಳೆಯ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಅದೇ ಹೂವಿಗೆ ಬೇರೆ ತಳಿಯ ಪರಾಗ ಸವರಬೇಕು. ಹನ್ನೊಂದು ಹೆಂಗಸರ ಗುಂಪಿಗೆ ಅವಳೇ ಮುಖ್ಯಸ್ಥೆ. ಇಪ್ಪತ್ತು ವರ್ಷದಲ್ಲಿ ಅವಳ ಗುಂಪಿನ ಬೀಜ ಒಮ್ಮೆಯೂ ಕಲಬೆರಕೆ ಎಂದು ವಾಪಸು ಬಂದಿರಲಿಲ್ಲ. ಹೊಲದವರು "ದುರಗವ್ವ ಬರ್ತಾಳೇನು?" ಎಂದು ಕೇಳಿಕೊಂಡೇ ಬಿತ್ತುತ್ತಿದ್ದರು. ಓದು ಬರಹ ಬಾರದ ಹೆಂಗಸಿಗೆ ಇದ್ದ ಆಸ್ತಿ ಆ ಹೆಸರೊಂದೇ.

ನಾನು ವಿದ್ಯಾಶ್ರೀ, ಹಿರೇಕೆರೂರಿನ ಒಂದು ಸಣ್ಣ ಬೀಜ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸದವಳು. ಯಾವ ಗುಂಪಿನ ಬೀಜ ಪರೀಕ್ಷೆಯಲ್ಲಿ ಪಾಸು, ಯಾವುದು ಫೇಲು ಎಂದು ತೋರಿಸುವ ಜಾವಾ ವೆಬ್‌ಸೈಟ್ ನನ್ನ ಕೈಯದೇ. ಅದರ ಜಂಬವೂ ಇತ್ತು ಅನ್ನಿ.

ಹೋದ ವರ್ಷ ದುರಗವ್ವನ ಹೆಸರಿನ ಮುಂದೆ 'ಕಲಬೆರಕೆ' ಎಂದು ಬಂತು. ಲ್ಯಾಬಿನಲ್ಲಿ ಫಲಿತಾಂಶ ಟೈಪು ಮಾಡುವ ದಿಲ್ಶಾದ ಓಡಿ ಬಂದಳು. "ಅಕ್ಕಾ, ಅದು ಬ್ಯಾರೆ ಗುಂಪಿಂದು. ನಾ ತಪ್ಪಿ ದುರಗವ್ವನ ಹೆಸರಿಗೆ ಹಾಕಿದ್ದೆ, ಆಗಿಂದಾಗ ಬದಲಿ ಮಾಡೇನಿ. ಆತು ಅಂತ ಪರದೆ ಮ್ಯಾಲ ಹಸಿರ ಅಕ್ಷರನೂ ಬಂತು." ನಾನು ತೆಗೆದು ನೋಡಿದೆ. ಎರಡೂ ಗುಂಪಿನ ಮುಂದೆ 'ಕಲಬೆರಕೆ' ಎಂದಿತ್ತು. ಎರಡೂ ಕೆಟ್ಟಿವೆ, ನಿನಗೇ ನೆನಪಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ.

ದುರಗವ್ವ ತನ್ನ ಹೆಂಗಸರನ್ನೆಲ್ಲ ಕರೆದುಕೊಂಡು ಆಫೀಸಿಗೇ ಬಂದಳು. "ತಂಗೀ, ನನ್ನ ಕೈಯಾಗ ಹಂಗ ಆಗಾಂಗಿಲ್ಲ. ಇನ್ನೊಮ್ಮೆ ನೋಡವಾ," ಅಂದಳು. ನಾನು ಕುರ್ಚಿಯಿಂದ ಏಳಲೂ ಇಲ್ಲ. "ಮಂದಿ ಸುಳ್ಳು ಹೇಳ್ತಾರ, ಕಂಪ್ಯೂಟರ್ ಹೇಳಾಂಗಿಲ್ಲ," ಅಂದೆ. ಹನ್ನೊಂದು ಮಂದಿಯೂ ಕೇಳಿಸಿಕೊಂಡರು. ಮುಂದಿನ ಹಂಗಾಮಿಗೆ ಯಾರೂ ಅವಳನ್ನು ಕರೆಯಲಿಲ್ಲ. ಗುಂಪು ಒಡೆದು ದಿಕ್ಕಿಗೊಬ್ಬರಾದರು.

ಈ ವರ್ಷ ಇನ್ನೊಂದು ಗುಂಪಿಗೆ ಅದೇ ಆಯಿತು. ಈ ಸಲ ಮ್ಯಾನೇಜರೇ ಕೇಳಿದ್ದರಿಂದ, ವೆಬ್‌ಸೈಟ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಬಿಚ್ಚಿಕೊಂಡು ಕೂತೆ. ಫಲಿತಾಂಶ ಬದಲಿಸುವುದೆಂದರೆ ಎರಡು ಕೆಲಸ: ಹೊಸ ಹೆಸರಿಗೆ ಬರೆಯುವುದು, ಹಳೆಯ ಹೆಸರಿನಿಂದ ಅಳಿಸುವುದು. ಎರಡೂ ಆಗಬೇಕು, ಇಲ್ಲವೇ ಒಂದೂ ಆಗಬಾರದು. ಟ್ರಾನ್ಸಾಕ್ಷನ್ ಅನ್ನುವುದು ಅದಕ್ಕೇ. ಅಳಿಸುವಾಗ ಡೇಟಾಬೇಸ್ ತಡೆದು ನಿಂತು ಎರರ್ ಎಸೆದಿತ್ತು. ಆ ಎರರನ್ನು ನನ್ನ ಕೋಡು ನಡುದಾರಿಯಲ್ಲೇ ಹಿಡಿದು, ಲಾಗಿನಲ್ಲಿ ಒಂದು ಸಾಲು ಗೀಚಿ, ಮೇಲಕ್ಕೆ ಸುದ್ದಿ ಮುಟ್ಟಿಸದೆ ಸುಮ್ಮನಾಗಿತ್ತು. ಹೀಗೆ ಅರ್ಧ ಕೆಲಸವೇ ಕಾಯಂ ಆಗಿತ್ತು, ಮೇಲೆ ಹಸಿರು ಅಕ್ಷರ ಬೇರೆ. ಬೆಳಿಗ್ಗೆ ಪರಾಗ ಸಿಗದ ಹೂವನ್ನು ದುರಗವ್ವ ಗಿಡದಲ್ಲಿ ಬಿಡುವುದಿಲ್ಲ, ಚಿವುಟಿ ಒಗೆಯುತ್ತಾಳೆ. ಬಿಟ್ಟರೆ ದುಂಬಿ ಯಾವುದೋ ಪರಾಗ ತಂದು ಹಾಕುತ್ತದೆ. ಅಷ್ಟು ಬುದ್ಧಿ ನನ್ನ ಕೋಡಿಗೆ ಇರಲಿಲ್ಲ. ನನಗೂ ಇರಲಿಲ್ಲ.

ಹೋದ ವರ್ಷದ ಸಾಲೂ ಅಲ್ಲೇ ಬಿದ್ದಿತ್ತು, ದುರಗವ್ವನ ಗುಂಪಿನ ನಂಬರಿನ ಸಮೇತ. ಅವತ್ತು ಒಮ್ಮೆ ನೋಡಿದ್ದರೆ ಸಾಕಿತ್ತು. ಎರರನ್ನು ಹಿಡಿಯದೆ ಮೇಲಕ್ಕೆ ಬಿಡುವಂತೆ ಕೋಡು ತಿದ್ದಿದೆ; ಈಗ ಅಳಿಸುವುದು ತಪ್ಪಿದರೆ ಬರೆದದ್ದೂ ರದ್ದಾಗಿ ರೋಲ್‌ಬ್ಯಾಕ್ ಆಗುತ್ತದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು. ಆದರೂ ವರದಿಯಲ್ಲಿ 'ತಾಂತ್ರಿಕ ದೋಷ ಸರಿಪಡಿಸಲಾಗಿದೆ' ಎಂದಷ್ಟೇ ಬರೆದೆ.

ಮಾಸೂರಿಗೆ ಹೋದೆ. ದುರಗವ್ವ ಈಗ ಇನ್ನೊಬ್ಬಳ ಗುಂಪಿನಲ್ಲಿ ಕೂಲಿ. ನಡೆದದ್ದೆಲ್ಲ ಹೇಳಿದೆ. ಕೇಳುವಾಗಲೂ ಅವಳ ಬೆರಳುಗಳು ಗಿಡದ ಮೇಲೆ ಆಡುತ್ತಲೇ ಇದ್ದವು.

"ಅಂದ್ರ ನನ್ನ ಬೀಜ ಚಲೋ ಇತ್ತು?"

"ಚಲೋ ಇತ್ರಿ. ತಪ್ಪು ನಂದು."

ಆಗ ಅವಳ ಬೆರಳುಗಳು ನಿಂತವು. ಆಮೇಲೆ, "ಅವತ್ತ ಹನ್ನೊಂದು ಮಂದಿ ಮುಂದ ಅಂದಿ. ಇವತ್ತ ಒಬ್ಬಾಕಿ ಮುಂದ ಹೇಳಾಕತ್ತಿ," ಅಂದಳು.

ಅವಳ ಮಾತು ನಿಜ. ಉಳಿದವರು ಬುತ್ತಿ ಬಿಚ್ಚಲು ಹೋಗುವ ಹೊತ್ತು ಕಾದೇ ನಾನು ಹೊಲಕ್ಕೆ ಇಳಿದಿದ್ದೆ. ಅವರಲ್ಲಿ ನಾಲ್ವರು ಅವಳ ಹಳೆಯ ಗುಂಪಿನವರು.

"ಅಗೋ, ಬೇವಿನ ಗಿಡದ ಕೆಳಗ ಉಣ್ಣಾಕತ್ತಾರ. ನಡಿ," ಎಂದು ದುರಗವ್ವ ಮುಂದೆ ಹೊರಟಳು. ನಾನು ಬೆನ್ನಿಗೆ ನಡೆದೆ. ಬರುವುದಿಲ್ಲ ಎನ್ನುವ ಮುಖ ನನಗಿರಲಿಲ್ಲ.