ಸಂತೆಯ ಕರಡಿಯಾಗಿದ್ದ ನನ್ನ ಮಾವ

ಮಾವನ ಬೆನ್ನಿನ ಮೇಲೆ ಕತ್ತಿನಿಂದ ಸೊಂಟದವರೆಗೆ ಕಪ್ಪು ಚುಕ್ಕಿಗಳ ಒಂದು ಸಾಲಿತ್ತು. ವರ್ಷವರ್ಷವೂ ಗೋಣಿಸೂಜಿ ತಗಲಿ ತಗಲಿ ಆದ ಕಲೆಗಳು. ತೇವಾರ ಎಂಬ ಊರಿನ ಆಚೆ ಬೆಟ್ಟದ ಬುಡದಲ್ಲಿ ಸೇರುತ್ತಿದ್ದ ದನದ ಸಂತೆಗೆ ಅವರೇ ಕರಡಿ. ಕರಿ ಕಂಬಳಿಯ ವೇಷವನ್ನು ಬೆಳಿಗ್ಗೆ ಮೈಮೇಲೆಯೇ ಹೊಲಿಯಬೇಕು. ಸಂಜೆ, ಹೊಲಿದ ಕೈಯೇ ಅದನ್ನು ಕುಯ್ದು ಬಿಚ್ಚಬೇಕು. ಅತ್ತೆ ತೀರಿಕೊಂಡ ಮೇಲೆ ಆ ಕೆಲಸ ನನ್ನ ಹೆಂಡತಿಯದಾಗಿತ್ತು.

ಎತ್ತು ಕೊಂಡವರು ಜೋಡಿಯನ್ನು ಕರಡಿಯ ಮುಂದೆ ನಿಲ್ಲಿಸಿ, ಕರಡಿಗೆ ಬಾರುಕೋಲಿನಿಂದ ಒಂದೇಟು ಹಾಕುತ್ತಿದ್ದರು. ಎತ್ತಿಗೆ ತಗಲಿದ ದೃಷ್ಟಿ ಕರಡಿಗೆ ಹೋಗುತ್ತದೆಂದು ನಂಬಿಕೆ. ಕರಡಿ ಗುರ್ರೆನ್ನಬಹುದು, ಮಾತಾಡಬಾರದು, ಅಳಬಾರದು. ಬಾಯಿಬಿಟ್ಟರೆ ದೃಷ್ಟಿ ತಿರುಗಿ ಎತ್ತಿಗೇ ಬರುತ್ತದೆ. ಮೆಲ್ಲಗೆ ಹೊಡೆಯುವವರು ಕಡಿಮೆ.

"ನೋವಾಗಲ್ವಾ ಮಾವ?" ಎಂದು ಕೇಳಿದರೆ, "ಹೊಡೆದದ್ದು ಕರಡಿಗಲ್ವಾ ಮಾಪಿಳ್ಳೆ, ನನಗ್ಯಾಕೆ ನೋವು?" ಎಂದು ಅಳಿಯನಾದ ನನ್ನನ್ನೇ ನಗಿಸುತ್ತಿದ್ದರು. ಮಗಳು ಬೆನ್ನಿಗೆ ಬೇವಿನೆಣ್ಣೆ ಹಚ್ಚುವಾಗ ಮಾತ್ರ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದರು.

ಒಂದು ವರ್ಷ ಸಂತೆಯ ಹೊತ್ತಿಗೇ ನಮ್ಮ ಕಣಿವೆಯ ಊರುಗಳಿಗೆ ವಾಂತಿಭೇದಿ ಬಂತು. ಬೆಳಿಗ್ಗೆ ಅಪ್ಪನಿಗೆ ವೇಷ ಹೊಲಿದವಳು ಮಧ್ಯಾಹ್ನಕ್ಕೆ ಮಲಗಿದಳು, ಹೊತ್ತು ಇಳಿಯುವ ಮುಂಚೆ ಹೋದಳು. ಆ ರೋಗದ ಹೆಣವನ್ನು ಇಟ್ಟುಕೊಳ್ಳುವ ಹಾಗಿಲ್ಲ. ನಾನು ಸಂತೆಗೆ ಓಡಿದೆ. ಸಂತೆ ನಡೆಸುವ ಗೌಡರು ಅಡ್ಡ ಬಂದರು.

"ಸಂತೆ ಮುಗಿಯೋಗಂಟ ಕರಡಿಗೆ ಸಾವಿನ ಸುದ್ದಿ ಹೇಳ್ಬೇಡ. ಇಷ್ಟು ಎತ್ತು ನಿಂತಾವೆ, ಕಾಣಲ್ವಾ ನಿಂಗೆ?"

ನಾನು ಕೇಳಲಿಲ್ಲ. ಕಂಬಳಿಯ ಕಿವಿಗೆ ಬಾಯಿಟ್ಟು ಹೇಳಿದೆ. ಮಾವ ಸದ್ದಿಲ್ಲದೆ ಎದ್ದು ಸುಡುಗಾಡಿನ ಕಡೆ ನಡೆದರು.

"ಲೇ, ಕರಡಿ ಹೆಣ್ಣು ನೋಡೋಕೆ ಹೊಂಟದೆ, ಬನ್ರೋ!" ಎಂದು ಯಾರೋ ಕೂಗಿದರು. ಇದೊಂದು ಹೊಸ ಆಟವೆಂದುಕೊಂಡು ಜನ ನಗುತ್ತಾ ಹಿಂದೆ ಬಂದರು. ದಾರಿಯುದ್ದಕ್ಕೂ ಏಟು ಹಾಕಿದರು.

ಗುಂಡಿಯ ಹತ್ತಿರ ನೆಂಟರು ತಡೆದರು. ಊರ ಎತ್ತುಗಳ ದೃಷ್ಟಿಯನ್ನೆಲ್ಲ ಹೊತ್ತ ವೇಷದಲ್ಲಿ ಹೆಣ ಮುಟ್ಟಬಾರದು, ವೇಷ ತೆಗೆದು ಬಾ ಎಂದರು. ತೆಗೆಯಬೇಕಾದ ಕೈ ಚಾಪೆಯ ಮೇಲಿತ್ತು.

"ಹಂಗಾದ್ರೆ ಆಗಲ್ಲ. ಮಣ್ಣು ಹಾಕ್ರಪ್ಪ," ಅಂದರು ಹಿರಿಯರೊಬ್ಬರು.

ಮಾವ ಮೊಣಕಾಲೂರಿ ಕೂತರು. ಆಗಲೂ ಮಾತಿಲ್ಲ, ಯಾರದೋ ಎತ್ತಿಗೆ ಕೇಡಾಗದಿರಲೆಂದು.

ನಾನು ಗುಂಡಿಯ ಪಕ್ಕ ಬಿದ್ದಿದ್ದ ಕುಡುಗೋಲನ್ನು ನನ್ನ ಹೆಂಡತಿಯ ಬೆರಳುಗಳೊಳಗಿಟ್ಟೆ. ಆ ತಣ್ಣನೆಯ ಕೈಯನ್ನು ನನ್ನ ಕೈಯಲ್ಲಿ ಹಿಡಿದು, ಕತ್ತಿನಿಂದ ಕೆಳಗೆ ಹೊಲಿಗೆ ಕುಯ್ದೆ. ಹೊಲಿದ ಕೈಯೇ ಕುಯ್ದಿತ್ತು. ಯಾರಿಗೂ ಬೇಡ ಅನ್ನಲಾಗಲಿಲ್ಲ. ಕಂಬಳಿ ಜಾರಿದ ಮೇಲೆ ಮಾವ ಮಗಳ ಮುಖ ಹಿಡಿದುಕೊಂಡು, "ಅವ್ವಾ, ನನ್ನವ್ವಾ" ಎಂದು ಬಾಯಿಬಿಟ್ಟು ಅತ್ತರು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸರಿದುಹೋದರು.

ಸ್ವಲ್ಪ ದಿನಕ್ಕೆ ಒಬ್ಬನ ಎತ್ತು ಸತ್ತಿತು. ಅವನು ಬಾರುಕೋಲು ಹಿಡಿದು ಮನೆಗೇ ಬಂದ. ವೇಷದಲ್ಲಿ ಸಾವಿನ ಸುದ್ದಿ ಕೇಳಿದ್ದಕ್ಕೇ ಎತ್ತು ಹೋಯಿತು ಎಂದು ಮನೆಮುಂದಿನ ತಿಣ್ಣೆಯ ಮೇಲೆ ಕೂತಿದ್ದ ಮಾವನ ಬರಿಮೈಗೆ ಬಾರಿಸಿದ. ನಾನು ಒಳಗಿನಿಂದ ಬರುವಷ್ಟರಲ್ಲಿ ಮಾವ ಅವನಿಗೆ ಹೇಳುತ್ತಿದ್ದರು: "ಮೆಲ್ಲಗೆ ಹೊಡಿಯಪ್ಪ. ಈಗ ನೋಯ್ತದೆ."

ಅವರು ಮತ್ತೆ ವೇಷ ಹಾಕಲಿಲ್ಲ. ಆದರೂ ಊರು ಅವರನ್ನು ಸುಮ್ಮನೆ ಬಿಡಲಿಲ್ಲ, ನೀರಿಗೆ ಹೋದರೂ ಹೊಲಕ್ಕೆ ಹೋದರೂ ಅವರನ್ನು ಕರಡಿ ಎಂದೇ ಕೂಗಿತು. ನಾನು ಬೇರೆ ಮದುವೆಯಾಗದೆ ಅವರ ಜೊತೆಯಲ್ಲೇ ಉಳಿದೆ. ಒಂದೇ ಗಡಿಗೆಯಲ್ಲಿ ಬೇಯಿಸಿಕೊಂಡು ತಿಂದೆವು.

ಹೋದ ವಾರ ಅವರನ್ನು ಮಣ್ಣು ಮಾಡಿದೆವು. ಹೊತ್ತೊಯ್ಯುವಾಗ ಹಿಂದಿನಿಂದ ಯಾರೋ ಗುರ್ರೆಂದರು, ಒಂದಿಬ್ಬರು ನಕ್ಕರು. ಅವಳು ಹೋದ ದಿನ ನನಗೆ ಅಳು ಬಂದಿರಲಿಲ್ಲ. ನನ್ನ ಪಾಲಿನದನ್ನೂ ಮಾವನೇ ಅತ್ತಿದ್ದರು. ಅವರಿಗಾಗಿ ಅಳಲು ನಾನೊಬ್ಬನೇ ಉಳಿದಿದ್ದೆ. ನಗುವವರು ನಗಲಿ ಎಂದು ಊರ ನಡುಬೀದಿಯಲ್ಲಿ ಗಟ್ಟಿಯಾಗಿ ಅತ್ತುಬಿಟ್ಟೆ.