ಪರರ ದನ

ಲಿಂಗರಾಜಪುರದ ನಮ್ಮ ಮನೆಗೆ ಮೂರು ಮಹಡಿ, ಅಪ್ಪನೂ ಸೇರಿ ಮೂವರು ಅಣ್ಣತಮ್ಮಂದಿರು, ಒಂದೇ ಅಡುಗೆಮನೆ. ತಾತನ ಕಾಲದ ರಾಗಿ ಹೊಲದ ಮೇಲೆ ಈಗ ಯಾರ್ಯಾರದೋ ಮನೆಗಳು ಎದ್ದಿವೆ. ನಮಗೆ ಉಳಿದದ್ದು ಈ ಮನೆ, ಹಿತ್ತಲಿನ ಶೀಟಿನ ಕೊಟ್ಟಿಗೆ. ಅಲ್ಲಿ ಅಜ್ಜಿ ಸೀಮೆಹಸು ಕಟ್ಟಿಕೊಂಡು ಪುಲಿಕೇಶಿನಗರದ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಮನೆಯ ಯಜಮಾನಿಕೆ ದೊಡ್ಡಪ್ಪನದು. ದೊಡ್ಡಪ್ಪನ ಯಜಮಾನಿಕೆ ಟಿವಿಯದು.

ಭಾನುವಾರ ಮುದ್ದೆ ಉಂಡು ಎಲ್ಲರೂ ನಡುಮನೆಯಲ್ಲಿ ಸೇರಿದರೆ ಹಿಂದಿ ಸಿನಿಮಾ ಶುರು. ಅರಮನೆಯಂಥ ಮನೆ, ಎರಡೂ ಕಡೆಯಿಂದ ಇಳಿಯುವ ಮೆಟ್ಟಿಲು, ಇಡೀ ಸಂಸಾರ ಕೂತು ಉಣ್ಣುವ ಉದ್ದನೆಯ ಮೇಜು, ಬೆಳಗಾಗುತ್ತಲೇ ರೇಷ್ಮೆ ಉಟ್ಟು ನಿಂತ ಸೊಸೆಯರು. ಹಿರಿಯ ಕೆಮ್ಮಿದರೆ ಸಾಕು, ಮನೆಯೆಲ್ಲ ಗಪ್‌ಚಿಪ್.

"ನೋಡ್ರೋ, ಕುಟುಂಬ ಅಂದ್ರೆ ಇದು," ಅನ್ನುತ್ತಿದ್ದರು ದೊಡ್ಡಪ್ಪ.

"ಅಷ್ಟು ಜನದ ಪಾತ್ರೆ ಯಾರು ತಿಕ್ತಾರಂತೆ, ಅದನ್ನೂ ಕೇಳಿ," ಅನ್ನುತ್ತಿದ್ದರು ದೊಡ್ಡಮ್ಮ, ಅಡುಗೆಮನೆಯಿಂದಲೇ. ಅದಕ್ಕೆ ಉತ್ತರ ಯಾವ ಸಿನಿಮಾದಲ್ಲೂ ಬರಲಿಲ್ಲ.

ದೊಡ್ಡಪ್ಪನ ಹಿಂದಿ ಶಿವಾಜಿನಗರದ ಸಂತೆಯಲ್ಲಿ ಚೌಕಾಸಿ ಮಾಡಿ ಕಲಿತದ್ದು. ಗಂಭೀರವಾದ ಮಾತುಗಳೆಲ್ಲ ಸಿನಿಮಾದಿಂದ ಎತ್ತಿಕೊಂಡವು. ಅಜ್ಜಿಗೆ ಅಷ್ಟೂ ಬಾರದು. ಹಾಲಿನ ಮನೆಗಳಲ್ಲಿ ಕಿವಿಗೆ ಬಿದ್ದ 'ದೂದ್', 'ಕಲ್' ಬಿಟ್ಟರೆ ಅವಳದು ಕನ್ನಡ, ಒಂದಿಷ್ಟು ತಮಿಳು.

ನಾನು ಸೆಕೆಂಡ್ ಪಿಯುಸಿ ಪಾಸಾದೆ. ಡಿಗ್ರಿ ಓದಬೇಕೆಂಬ ಹಟ ಹಿಡಿದೆ. ನಮ್ಮ ವಂಶದಲ್ಲಿ ಗಂಡಾಗಲಿ ಹೆಣ್ಣಾಗಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವರಿರಲಿಲ್ಲ. ವೈರಿಂಗ್ ಕೆಲಸ ಮಾಡುತ್ತಿದ್ದ ಅಪ್ಪನಿಗೆ ಓದಿಸುವ ಆಸೆ, ಆದರೆ ಅಣ್ಣನೆದುರು ಅವರ ನಾಲಿಗೆ ಏಳುತ್ತಿರಲಿಲ್ಲ. ಅಷ್ಟರಲ್ಲೇ ಕೆ.ಆರ್. ಪುರದ ಕಡೆಯವರು ನನ್ನನ್ನು ಕೇಳಿಕೊಂಡು ಬಂದಿದ್ದರು. ಹುಡುಗನದೂ ತುಂಬಿದ ಮನೆ. ದೊಡ್ಡಪ್ಪ ಆಗಲೇ ಛತ್ರ ಹುಡುಕುತ್ತಿದ್ದರು.

ಆ ಭಾನುವಾರದ ಸಿನಿಮಾ ಮಗಳನ್ನು ಗಂಡನ ಮನೆಗೆ ಕಳಿಸುವುದರಲ್ಲಿ ಮುಗಿಯಿತು. ದೊಡ್ಡಪ್ಪ ಇನ್ನೂ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇದೇ ಸಮಯ ಅಂದುಕೊಂಡರೋ ಏನೋ, ಅಪ್ಪ ಬಾಯಿಬಿಟ್ಟರು. "ಅಣ್ಣಾ, ಮಗು ಡಿಗ್ರಿ ಓದ್ತೀನಂತಾಳೆ."

ದೊಡ್ಡಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡು, ಥೇಟ್ ಸಿನಿಮಾದ ಹಿರಿಯನ ಹಾಗೆ ಹೇಳಿದರು. "ಓದಿಸಿ ಏನ್ ಮಾಡ್ತೀಯೋ? ಬೇಟಿ ಪರಾಯಾ ಧನ್!"

"ಏನಂದ್ಯೋ?" ಮೂಲೆಯಲ್ಲಿದ್ದ ಅಜ್ಜಿ ಕೇಳಿದಳು.

"ಹೆಣ್ಣುಮಗು ಪರರ ಧನ ಕಣಮ್ಮ."

ನಮ್ಮ ಕಡೆಯ ಬಾಯಲ್ಲಿ ಧನವೂ ಒಂದೇ, ದನವೂ ಒಂದೇ. ಅಜ್ಜಿ ಗೋಡೆ ಹಿಡಿದು ಎದ್ದೇಬಿಟ್ಟಳು.

"ಏನ್ಲಾ? ನನ್ ಮೊಮ್ಮಗಳು ದನವಾ?"

"ಅಯ್ಯೋ, ಆ ದನ ಅಲ್ಲಮ್ಮ..."

"ಇನ್ಯಾವ ದನ, ಎಮ್ಮೆಯಾ? ಪರರ ದನ ಆಗಿದ್ರೆ ಇಷ್ಟು ವರ್ಷ ನಮ್ ಕೊಟ್ಟಿಗೇಲಿ ಯಾಕ್ಲಾ ಇತ್ತು? ಮೇವು ಹಾಕಿ ಮೈ ತೊಳ್ದಿದ್ದು ನಾವು, ಹಗ್ಗ ಹಿಡ್ಕೊಂಡು ಹೋಗೋರು ಅವ್ರಾ?"

"ಧನ ಅಂದ್ರೆ ಆಸ್ತಿ ಕಣಮ್ಮ, ಆಸ್ತಿ!"

ಅಜ್ಜಿ ಮತ್ತೆ ಗೋಡೆಗೊರಗಿ ಕೂತಳು. ಮುಗಿಯಿತು ನನ್ನ ಕತೆ ಅಂದುಕೊಂಡೆ.

"ಆಸ್ತಿಯಾ?" ಅಂದಳು ಅಜ್ಜಿ ನಿಧಾನವಾಗಿ. "ಇದ್ದ ಹೊಲಾನೆಲ್ಲ ಮಾರ್ಕೊಂಡು ಕೂತಿದೀಯ. ಈ ಆಸ್ತಿನಾದ್ರೂ ಇನ್ನೊಂದು ಮೂರು ವರ್ಷ ಮನೇಲಿ ಇಟ್ಕೊಳ್ಳೋ."

ಅಡುಗೆಮನೆಯಲ್ಲಿ ದೊಡ್ಡಮ್ಮ ಗಟ್ಟಿಯಾಗಿ ನಕ್ಕರು. ಗಂಡನಿಗೆ ಕೇಳುವಂತೆ ಅವರು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ದೊಡ್ಡಪ್ಪ ನಗಲಿಲ್ಲ. ಆದರೆ ಸಿನಿಮಾದ ಕಟ್ಟಳೆ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಿರಿಮಗ ತಾಯಿಯ ಮಾತು ಮೀರುವಂತಿಲ್ಲ. ಹಬ್ಬವಲ್ಲ ಹುಣ್ಣಿಮೆಯಲ್ಲ, ಬಗ್ಗಿ ಅಜ್ಜಿಯ ಕಾಲು ಮುಟ್ಟಿದರು. "ಅಮ್ಮ ಹೇಳಿದ್ಮೇಲೆ ಮುಗೀತು. ಓದ್ಲಿ."

ಬಿ.ಕಾಂ. ಸೇರಿದೆ. ಬೆಳಿಗ್ಗೆ ಸಗಣಿ ಬಾಚಿ, ಸ್ನಾನ ಮಾಡಿ, ಬಸ್ಸಿಗೆ ಓಡಬೇಕು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ತಲೆಯ ಮೇಲೆ ಹಾರಿಹೋಗುತ್ತಿತ್ತು. ಮೊದಲ ಸೆಮಿಸ್ಟರಿನಲ್ಲಿ ಅಕೌಂಟ್ಸ್ ಫೇಲಾಗಿ, ಮತ್ತೆ ಬರೆದು ಪಾಸಾದೆ. ಮನೆಯಲ್ಲಿ ಓದಲು ಬೇರೆ ಕೋಣೆಯಿಲ್ಲ, ನಡುಮನೆಯೇ ಗತಿ. ಪರೀಕ್ಷೆ ಬಂತೆಂದರೆ ದೊಡ್ಡಪ್ಪ ಟಿವಿಯ ಸದ್ದನ್ನು ಪೂರ್ತಿ ಇಳಿಸಿ, ತುಟಿ ನೋಡಿಕೊಂಡೇ ಸಿನಿಮಾ ಮುಗಿಸುತ್ತಿದ್ದರು. ಅಳುವ ಜಾಗದಲ್ಲಿ ಸರಿಯಾಗಿ ಅಳುತ್ತಿದ್ದರು. ಈಗ ಆಫೀಸಿನಲ್ಲಿ ಗೆಳತಿಯರು ಅಂಥ ಸಿನಿಮಾಗಳನ್ನು ಆಡಿಕೊಳ್ಳುವಾಗ ನಾನೂ ಒಪ್ಪುತ್ತೇನೆ, ಅವುಗಳಲ್ಲಿ ಹೆಣ್ಣಿಗೆ ಕೆಲಸ ಜಾಸ್ತಿ, ಮಾತು ಕಮ್ಮಿ. ಆದರೆ ಸದ್ದಿಲ್ಲದ ಟಿವಿಯ ಮುಂದೆ ಕಣ್ಣೊರೆಸಿಕೊಳ್ಳುವ ದೊಡ್ಡಪ್ಪನೂ ಅವುಗಳಿಂದಲೇ ತಯಾರಾದವರು. ಅದನ್ನೂ ಹೇಳುತ್ತೇನೆ.

ಪದವಿ ಪ್ರದಾನದ ದಿನ ಅಪ್ಪ ಅಮ್ಮನಿಗೆ ಮಾತ್ರ ಪಾಸು. ದೊಡ್ಡಪ್ಪ ಟೆಂಪೋ ಟ್ರಾವೆಲರ್ ಮಾಡಿಸಿ ಇಡೀ ಮನೆಯನ್ನೇ ತಂದಿಳಿಸಿದರು. ಎಲ್ಲರಿಗೂ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಂಡ ಒಂದೇ ಬಣ್ಣದ ಬಟ್ಟೆ, ಅದೂ ಗಿಳಿಹಸಿರು. ಗೇಟಿನಲ್ಲಿ ಬಿಹಾರದ ಕಾವಲುಗಾರ ತಡೆದ. ದೊಡ್ಡಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡು, "ಭಾಯಿ ಸಾಬ್, ಹಮ್ ಏಕ್ ಪರಿವಾರ್ ಹೈ!" ಅಂದರು. ಅವನು ಅವರ ಮುಖ ನೋಡಿದ, ಗಿಳಿಹಸಿರಿನ ಸಾಲು ನೋಡಿದ, ನಕ್ಕು ದಾರಿ ಬಿಟ್ಟ. ನಾನು ವೇದಿಕೆ ಹತ್ತಿದಾಗ ಹಿಂದಿನ ಸಾಲಿನಿಂದ ಎದ್ದ ಶಿಳ್ಳೆ ಅಪ್ಪನದು. ಅಣ್ಣನ ಪಕ್ಕದಲ್ಲೇ ಕೂತು ಹೊಡೆದದ್ದು.

ಮನೆಗೆ ಬಂದರೆ ಹೊಸ್ತಿಲ ಮೇಲೆ ಸೇರಿನ ತುಂಬ ಅಕ್ಕಿ. ಕಾಲು ನೋವೆಂದು ಮನೆಯಲ್ಲೇ ಉಳಿದಿದ್ದ ಅಜ್ಜಿ ಆರತಿ ತಟ್ಟೆ ಹಿಡಿದು ನಿಂತಿದ್ದಳು.

"ಅಮ್ಮ, ಸೇರಕ್ಕಿ ಒದ್ಯೋದು ಮನೆಗೆ ಬರೋ ಸೊಸೆ ಕಣಮ್ಮ," ಅಂದರು ದೊಡ್ಡಪ್ಪ.

"ಎಲ್ಲಿಂದ್ಲೋ ಬರೋಳಿಗೆ ಒದಿಸ್ತೀವಿ, ಇಲ್ಲೇ ಹುಟ್ಟಿದೋಳು ಒದ್ರೆ ಏನ್ಲಾ ಆಯ್ತದೆ? ಸರಿ ಅತ್ಲಾಗೆ. ನಮ್ ದನ ನಮ್ ಕೊಟ್ಟಿಗೆಗೇ ಬಂತು. ಒದಿಯವ್ವಾ!"

ಸೊಸೆಯರು ಬಲಗಾಲಿನ ಬೆರಳು ಮಾತ್ರ ತಾಗಿಸುತ್ತಾರೆ. ನಾನು ಒದ್ದೆ. ಅಕ್ಕಿ ಟಿವಿ ಸ್ಟ್ಯಾಂಡಿನ ಕೆಳಗಿನವರೆಗೂ ಚೆಲ್ಲಿತು.