ನಿದ್ದೆಯಲ್ಲಿ ಓಗೊಟ್ಟ ಹಮಾಲರು

ದೈವದ ಕರೆ ಕೇಳಿಸಿಕೊಳ್ಳಲು ಮನುಷ್ಯ ಸದಾ ಎಚ್ಚರವಾಗಿರಬೇಕು ಎಂಬುದು ಎಲ್ಲ ಧರ್ಮದ ಹಿರಿಯರೂ ಒಪ್ಪುವ ಮಾತು. ನಮ್ಮ ಪಕ್ಕದ ಮನೆಯ ಹಮಾಲರಿಗೆ ಕರೆ ಬಂದಾಗ ಅವರು ಗೊರಕೆ ಹೊಡೆಯುತ್ತಿದ್ದರು. ಅವರ ತಲೆ ನನ್ನ ಇಸ್ತ್ರಿ ಅಂಗಿಯ ಹೆಗಲ ಮೇಲಿತ್ತು. ಹಾಗಾಗಿ ಇದಕ್ಕೆ ನಾನೇ ಸಾಕ್ಷಿ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅವರು ಚೀಲ ಹೊರುತ್ತಿದ್ದರು. ನಾನು ಅಲ್ಲಿಯೇ ಒಂದು ದಲಾಲಿ ಅಂಗಡಿಯ ಗುಮಾಸ್ತ. ಅವರ ಬಲ ಹೆಗಲು ಎಡಕ್ಕಿಂತ ಎರಡು ಬೆರಳು ತಗ್ಗು. ಬರಿಗೈಯಲ್ಲಿ ನಡೆದರೂ ಚೀಲ ಹೊತ್ತಂತೆಯೇ ಕಾಣುವರು. ಅಂಗಿ ನೆನೆಹಾಕಿದರೆ ಬಕೆಟ್ಟಿನ ನೀರು ಕೆಂಪಾಗುತ್ತಿತ್ತು. ಅವರ ಹೆಂಡತಿ ಅದನ್ನು ಬೇರೆ ಬಟ್ಟೆಯ ಜೊತೆ ಎಂದೂ ಒಗೆಯಲಿಲ್ಲ.

ಪೇಟೆಯಲ್ಲಿ ಒಂದು ಕಟ್ಟಳೆ. ಲಾರಿಯ ಬಳಿ ನಿಂತು ಸಾವಕಾರರು "ಯಾರದೀರಿ?" ಎಂದು ಕೂಗಿದರೆ, ಮೊದಲು "ಬಂದ್ನಿರಿ" ಅಂದವನದೇ ಆ ಹೊರೆ. ಅಂದಮೇಲೆ ಹಿಂದೆಗೆಯುವಂತಿಲ್ಲ. ಹಿಂದೆಗೆದವನ ಜೊತೆ ಯಾರೂ ಚಹಾ ಕುಡಿಯುವುದಿಲ್ಲ. ಇದಕ್ಕಿಂತ ಘೋರವಾದ ಶಿಕ್ಷೆಯನ್ನು ಪೇಟೆ ಇನ್ನೂ ಕಂಡುಹಿಡಿದಿಲ್ಲ.

ಹಮಾಲರು ಕ್ರೈಸ್ತರು. ಒಂದು ವರ್ಷ ಅವರ ಚರ್ಚಿನಲ್ಲಿ ಸುಗ್ಗಿಯ ಆರಾಧನೆ. ಹಣೆಗೆ ವಿಭೂತಿ ಹಚ್ಚಿಕೊಂಡ ನಾನು ಅಲ್ಲಿಗೆ ಹೋದದ್ದು, ಸಂಕೋಚವಿಲ್ಲದೆ ಹೇಳುವುದಾದರೆ, ಆಮೇಲಿನ ಊಟಕ್ಕೆ. ಹಿಂದಿನ ದಿನವೆಲ್ಲ ಲಾರಿ ತುಂಬಿ ದಣಿದಿದ್ದ ಹಮಾಲರು ಹಿಂದಿನ ಬೆಂಚಿನಲ್ಲಿ ನನಗೊರಗಿ ನಿದ್ದೆಹೋದರು. ರಾಣೆಬೆನ್ನೂರಿನಿಂದ ಬಂದಿದ್ದ ಅಯ್ಯನವರು (ಪಾದ್ರಿಗಳನ್ನು ಅವರು ಹಾಗೆ ಕರೆಯುತ್ತಾರೆ) ಕಾಗಿನೆಲೆಯ ಆಚೆ ಒಂದು ಹಳ್ಳಿಯಲ್ಲಿ ಆರು ಮನೆ ವಿಶ್ವಾಸಿಗಳಿದ್ದಾರೆ, ಪ್ರತಿ ರವಿವಾರ ಹೋಗಿ ಬೈಬಲ್ಲಿನ ವಾಕ್ಯ ಓದಿ ಪ್ರಾರ್ಥಿಸುವವರು ಬೇಕು ಎಂದರು. ಆಮೇಲೆ ದನಿ ಎತ್ತರಿಸಿ, "ಯಾರಿದ್ದೀರಿ?" ಎಂದರು. ಸಭೆ ಫ್ಯಾನಿನ ರೆಕ್ಕೆಗಳನ್ನು ಭಕ್ತಿಯಿಂದ ನೋಡತೊಡಗಿತು.

"ಬಂದ್ನಿರೀ ಸಾವಕಾರ್ರ!" ಎಂದಿತು ನನ್ನ ಹೆಗಲ ಮೇಲಿನ ತಲೆ.

ಎಲ್ಲರೂ ನಕ್ಕರು. ಅಯ್ಯನವರು ನಗಲಿಲ್ಲ, ಹೆಸರು ಬರೆದುಕೊಂಡರು.

ಮರುದಿನ ಸಂಜೆ ಚರ್ಚಿನ ಹಿರಿಯರಾದ ನಿವೃತ್ತ ಮಾಸ್ತರರು ಅವರ ಮನೆಗೆ ಬಂದರು. ನಾನೂ ಕಟ್ಟೆಯ ಮೇಲಿದ್ದೆ.

"ನಿದ್ದ್ಯಾಗ ಅಂದದ್ದು, ಮನಸ್ಸಿಗೆ ಹಚಗೋಬ್ಯಾಡ್ರಿ. ಅಯ್ಯನವ್ರಿಗೆ ನಾ ಹೇಳ್ತೇನಿ."

"ಪುಣ್ಯಾ ಬರ್ತೈತಿ, ಹೇಳ್ರಿ ಮಾಸ್ತರ," ಎಂದರು ಹೆಂಡತಿ. "ವಾರಕ್ಕೊಂದ ದಿನಾ ಸೂಟಿ. ಬಂದ್ನಿ ಅನ್ನೂ ಮುಂದ ಆ ನೋಯೂ ಮೊಣಕಾಲನ್ನರ ಕೇಳಿದ್ರೇನು? ಅಕ್ಷರ ಕೂಡಿಸಿ ಓದಾಕ ಬರಂಗಿಲ್ಲ, ವಾಕ್ಯ ಹೇಳಾಕ ಹೊಂಟಾರ!"

ಹಮಾಲರು ಬಹಳ ಹೊತ್ತು ಮೊಣಕಾಲು ನೀವಿಕೊಂಡರು. ಬಿಡುಗಡೆ ಬಾಗಿಲಿಗೆ ಬಂದು ನಿಂತಿತ್ತು. ಹೂಂ ಎಂದರೆ ಸಾಕಿತ್ತು.

"ಕರದಾಂವಗ ನಾ ಮಲಗೇನಿ ಅನ್ನೂದು ಕಾಣಸಲಾರದ ಇರ್ತೈತೇನ್ರಿ, ಮಾಸ್ತರ? ನೋಡೇ ಕರದಾನ. ಬಂದ್ನಿ ಅಂದೇನಿ. ಇನ್ನ ಹೋಗೂದ ಉಳದದ್ದು."

ಅಂದಿನಿಂದ ಶನಿವಾರ ಸಂಜೆ ನಮ್ಮ ಕಟ್ಟೆಯ ಮೇಲೆ ಪಾಠ. ಅವರು ಬೆರಳಿಟ್ಟು ಓದುವರು, ನಾನು ತಿದ್ದುವೆ. ನನ್ನ ವಿಭೂತಿ ನೋಡಿ ಓಣಿಯವರು ಹುಬ್ಬೇರಿಸಿದಾಗ ಅವರೇ ತೀರ್ಪು ಕೊಟ್ಟರು: "ವಿಶ್ವಾಸ ನಂದ್ರಿ, ಒತ್ತಕ್ಷರ ಅಷ್ಟ ಗುಮಾಸ್ತರ್ದು."

ಹೀಗೆ ಹದಿನೆಂಟು ವರ್ಷ. ಕಾಗಿನೆಲೆಯವರೆಗೆ ಬಸ್ಸು, ಮುಂದೆ ನಡಿಗೆ. ಆರು ಮನೆಗಳಲ್ಲಿ ಕೆಲವರು ಊರು ಬಿಟ್ಟರು, ಕೆಲವರು ತೀರಿಕೊಂಡರು. ಒಂದು ರವಿವಾರ ಮರಳಿ ಬಂದು ನಮ್ಮ ಕಟ್ಟೆಯ ಮೇಲೆ ಕುಸಿದು ಕೂತರು.

"ಎಷ್ಟ ಮಂದಿ ಇದ್ರರಿ ಇವತ್ತ?" ಎಂದೆ.

"ಇಬ್ರು ಮುದುಕ್ಯಾರು. ಒಬ್ಬಾಕಿ ಮಲಗಿದ್ಲು."

"ಎಬ್ಬಸಬೇಕಿತ್ತಿಲ್ರಿ?"

"ನಾ ಯಾವ ಮಾರಿ ತಗೊಂಡ ಎಬ್ಬಸ್ಲಿ, ಗುಮಾಸ್ತರ?"

ನಾನು ನಗುತ್ತಲೇ ಕೇಳಿದೆ, ದಣಿವಾಗಿಲ್ಲವೇ, ಬಿಡಬಾರದೇ ಎಂದು. ಅವರು ನಗಲಿಲ್ಲ. "ದಣದೇನ್ರಿ. ಬಾಳ ದಣದೇನಿ. ನಾ ದಣದೇನಿ ಅಂದ್ರ ಕರದದ್ದು ಸುಳ್ಳಾಗ್ತೈತೇನ್ರಿ?"

ನನ್ನ ಜೀವಮಾನದಲ್ಲಿ ಯಾರು ಕೂಗಿದರೂ ಮೊದಲು ಕನ್ನಡಕ ಹುಡುಕುವ ನೆಪ ಹೂಡಿದವನು ನಾನು. ಆಗಲೂ ಜೇಬಿನಲ್ಲಿ ಕನ್ನಡಕ ಹುಡುಕಿದೆ.

ಹೋದ ಸುಗ್ಗಿಯಲ್ಲಿ ಅವರ ಕೆಮ್ಮು ನಿಲ್ಲಲಿಲ್ಲ. ಹಾವೇರಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನವಿದ್ದು ತೀರಿಕೊಂಡರು. ಪೇಟೆಯ ಉಳಿದ ಹಮಾಲರೇ ಶವಕ್ಕೆ ಹೆಗಲು ಕೊಟ್ಟರು. ಮಣ್ಣು ಮುಗಿದ ಮೇಲೆ ಅಯ್ಯನವರು ಅದೇ ಪ್ರಶ್ನೆ ಕೇಳಿದರು: ಆ ಹಳ್ಳಿಗೆ ಇನ್ನು ಯಾರು? ಈ ಸಲ ಎಲ್ಲರೂ ಎಚ್ಚರವಾಗಿದ್ದರು. ಯಾರೂ "ಬಂದ್ನಿರಿ" ಅನ್ನಲಿಲ್ಲ.

ಮುಂದಿನ ರವಿವಾರ ನಾನು ಆ ಹಳ್ಳಿಗೆ ಹೋದೆ. ಹಮಾಲರು ಹೋದ ಸುದ್ದಿಯನ್ನು ಮುದುಕಿಯರಿಗೆ ಹೇಳಿ, ಅವರು ಕಡೆಯ ಶನಿವಾರ ನನ್ನಿಂದ ತಿದ್ದಿಸಿಕೊಂಡಿದ್ದ ಪುಟವನ್ನು ಓದಿ, ಒಂದೂವರೆಯ ಬಸ್ಸಿಗೆ ಬ್ಯಾಡಗಿಗೆ ಮರಳಿದೆ.